ಉಂಡು ಏಳುವುದೇ ಕಷ್ಟ

ಪ್ರಶ್ನೆ: ನಾನು ಬೈಲಹೊಂಗಲದ ನಿವೃತ್ತ ಹೈಸ್ಕೂಲ್ ಶಿಕ್ಷಕ. ಮಗ ಕ್ಯಾಲಿಫೋರ್ನಿಯಾದ ರಿವರ್‌ಸೈಡ್ ಊರಿನಲ್ಲಿದ್ದಾನೆ. ಹೋದ ವರ್ಷ ಸಣ್ಣ ವಿಮಾನ ಹಾರಿಸುವ ಲೈಸೆನ್ಸ್ ತೆಗೆದುಕೊಂಡ. ಇಲ್ಲಿಯವರೆಗೆ 110 ಗಂಟೆ ಹಾರಿಸಿದ್ದಾನಂತೆ. ಜುಲೈನಲ್ಲಿ ನಾನೂ ನಮ್ಮ ಮನೆಯವರೂ ಅಲ್ಲಿಗೆ ಹೋಗುತ್ತಿದ್ದೇವೆ. ಬಾಡಿಗೆಯ ಸೆಸ್ನಾ 172ರಲ್ಲಿ ಬಿಗ್ ಬೇರ್ ಅನ್ನುವ ಬೆಟ್ಟದ ಊರಿಗೆ ಹಾರಿ, ಮಧ್ಯಾಹ್ನ ಅಲ್ಲೇ ಊಟ ಮಾಡಿ, ಸಂಜೆಯೊಳಗೆ ವಾಪಸ್ ಬರೋಣ ಅನ್ನುತ್ತಾನೆ. ಬೀಗರು ಬೇಡವೇ ಬೇಡ ಅನ್ನುತ್ತಿದ್ದಾರೆ. ಹೋಗಬಹುದೇ? ಮಗನಿಗೆ ನಾನು ಏನೇನು ಕೇಳಬೇಕು? ನಮ್ಮ ಕಡೆ ಯಾರೂ ಹೀಗೆ ಊಟಕ್ಕೆ ಹಾರಿ ಹೋಗಿದ್ದನ್ನು ಕೇಳಿಲ್ಲ, ಯಾಕೆ? ನನ್ನ ತೂಕ 84 ಕೆಜಿ, ಮನೆಯವರದು 70, ಮಗನದು 76. ಬಿಪಿ ಮಾತ್ರೆ ಬಿಟ್ಟರೆ ನನಗೆ ಬೇರೆ ತೊಂದರೆ ಇಲ್ಲ. ರೊಟ್ಟಿ ಬುತ್ತಿ ಒಯ್ಯಬಹುದಾ ಅಂತ ನಮ್ಮ ಮನೆಯವರು ಕೇಳುತ್ತಿದ್ದಾರೆ.

ಉತ್ತರ: ಗುರುಗಳೇ, ಹೋಗಿ ಬನ್ನಿ. ಆದರೆ ಮಧ್ಯಾಹ್ನದ ಊಟಕ್ಕೆ ಬೇಡ, ಬೆಳಗಿನ ನಾಷ್ಟಾಕ್ಕೆ ಹೋಗಿ. ನನ್ನ ಉತ್ತರ ಇಷ್ಟೇ. ಯಾಕೆ ಅನ್ನೋದನ್ನು ಹೇಳೋಕೆ ಸ್ವಲ್ಪ ಜಾಸ್ತಿ ಜಾಗ ಬೇಕು.

ಮೊದಲು ನನ್ನದೇ ಒಂದು ತಪ್ಪು ಹೇಳಿಬಿಡುತ್ತೇನೆ. ನಾನು ಹಾರಾಟ ಕಲಿಸುತ್ತಿದ್ದ ಕಾಲ. ಏಪ್ರಿಲ್ ತಿಂಗಳು. ಬೇರೆ ಊರಿಂದ ಎರಡು ಸೀಟಿನ ಸೆಸ್ನಾ 152 ತಗೊಂಡು, ಒಬ್ಬ ಶಿಷ್ಯನನ್ನು ಕೂರಿಸಿಕೊಂಡು, ಬೆಳಿಗ್ಗೆ ಎಂಟಕ್ಕೆ ಬೆಳಗಾವಿಯ ಸಾಂಬ್ರಾ ಏರ್‌ಪೋರ್ಟಿನಲ್ಲಿ ಇಳಿದೆ. ತಂಪು ಹೊತ್ತು. ವಿಮಾನ ಬೆಣ್ಣೆಯ ಹಾಗೆ ಇಳಿಯಿತು. ಹತ್ತಕ್ಕೆ ಹೊರಡಬೇಕು ಅಂತ ಲೆಕ್ಕ. ಆದರೆ ಶಿಷ್ಯನ ಸೋದರಮಾವನ ಮನೆ ಶಹಾಪುರದಲ್ಲಿತ್ತು. "ಇಲ್ಲಿತನಕ ಬಂದು ಉಣ್ಣದ ಹೋಗ್ತೀರೇನ್ರಿ?" ಅಂದರು. ಬೆಳಗಾವಿಯಲ್ಲಿ ಈ ಪ್ರಶ್ನೆಗೆ ಉತ್ತರ ಇರೋದಿಲ್ಲ, ನಿಮಗೆ ಗೊತ್ತು. ಬಿಸಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಮೇಲೆ ಗಟ್ಟಿ ಮೊಸರು. ಹೊರಡುವಾಗ ಕೈಗೆ ಒಂದು ಕೆಜಿ ಕುಂದಾದ ಡಬ್ಬಿ. ಸಾಂಬ್ರಾ ಮುಟ್ಟಿದಾಗ ಎರಡೂವರೆ. ಬಿಸಿಲು 36 ಡಿಗ್ರಿ.

ಟೇಕಾಫ್ ಓಟ ಶುರು ಮಾಡಿದೆವು. ಬೆಳಿಗ್ಗೆ ಎಗರಿ ಬರುತ್ತಿದ್ದ ವಿಮಾನ ಈಗ ಓಡುತ್ತದೆ, ಓಡುತ್ತದೆ, ಏಳೋದೇ ಇಲ್ಲ. ಕೊನೆಗೆ ಗಾಲಿಗಳು ನೆಲ ಬಿಟ್ಟವು. ಉಸಿರು ಬಿಟ್ಟೆ. ನೋಡಿದರೆ ಏರುವ ವೇಗ ತೋರಿಸುವ ಮೀಟರಿನ ಮುಳ್ಳು ಸೊನ್ನೆಯ ಮೇಲೆ ಒಂದು ಕೂದಲಿನಷ್ಟು ನಿಂತಿದೆ. ವಿಮಾನ ತೇಲುತ್ತಿದೆ, ಏರುತ್ತಿಲ್ಲ. ಕಾಂಪೌಂಡ್ ಗೋಡೆ ಎದುರಿಗೆ ದೊಡ್ಡದಾಗುತ್ತಾ ಬಂತು. ಶಿಷ್ಯ ನನ್ನ ಮುಖ ನೋಡಿದ. ಆಗ ನನ್ನ ಕಣ್ಣು ಎಂಜಿನ್‌ಗೆ ಎಷ್ಟು ಪೆಟ್ರೋಲ್ ಹೋಗಬೇಕು ಅಂತ ಹೊಂದಿಸುವ ಕೆಂಪು ನಾಬ್ ಮೇಲೆ ಬಿತ್ತು. ಪೂರ್ತಿ ಒಳಗೆ ಒತ್ತಿದ ಹಾಗೇ ಇತ್ತು. ಅದನ್ನು ಸ್ವಲ್ಪ ಹೊರಗೆಳೆದೆ. ಎಂಜಿನ್ ಸದ್ದು ಬದಲಾಯಿತು. ಗೋಡೆ ದಾಟಿದೆವು. ಕೆಳಗೆ ಎಮ್ಮೆ ಕಾಯುತ್ತಿದ್ದ ಹುಡುಗನ ತಲೆಯ ಟೊಪ್ಪಿಗೆ ಕಾಣಿಸುತ್ತಿತ್ತು, ಅಷ್ಟು ಕೆಳಗೆ.

ರನ್‌ವೇ ಉದ್ದ ಇತ್ತು, ಬಚಾವಾದೆ. ತಪ್ಪು ಪೂರ್ತಿ ನನ್ನದೇ. ಬೆಳಿಗ್ಗೆ ಇಳಿದ ಜಾಗವೇ ಮಧ್ಯಾಹ್ನವೂ ಇರುತ್ತದೆ ಅಂದುಕೊಂಡಿದ್ದೆ. ವಿಮಾನದ ಲೆಕ್ಕದಲ್ಲಿ ಹಾಗಲ್ಲ.

ವಿಮಾನಕ್ಕೆ ಅಡಿ, ಮೀಟರ್ ಗೊತ್ತಿಲ್ಲ. ಅದಕ್ಕೆ ಗೊತ್ತಿರೋದು ಗಾಳಿ ಎಷ್ಟು ದಪ್ಪ ಅನ್ನೋದು ಒಂದೇ. ರೆಕ್ಕೆಗೆ ಆಧಾರ ಕೊಡುವುದು ಗಾಳಿ. ಪ್ರೊಪೆಲರ್ ಕಚ್ಚಿ ಎಳೆಯುವುದೂ ಗಾಳಿ. ಎಂಜಿನ್ ಒಳಗೆ ಪೆಟ್ರೋಲ್ ಉರಿಯಬೇಕಾದರೂ ಗಾಳಿ ಬೇಕು. ಎತ್ತರಕ್ಕೆ ಹೋದಷ್ಟೂ ಗಾಳಿ ತೆಳು. ಬಿಸಿಯಾದಷ್ಟೂ ಇನ್ನೂ ತೆಳು. ಅಂದರೆ ಮೂರಕ್ಕೂ ಒಟ್ಟಿಗೇ ಪೆಟ್ಟು. ಎತ್ತರ ಮತ್ತು ಬಿಸಿಲು ಎರಡನ್ನೂ ಸೇರಿಸಿ "ಈಗ ಈ ಗಾಳಿ ಎಷ್ಟು ಅಡಿ ಮೇಲಿನ ಗಾಳಿಯಷ್ಟು ತೆಳುವಾಗಿದೆ" ಅಂತ ತೆಗೆಯುವ ಲೆಕ್ಕಕ್ಕೆ ಪೈಲಟ್‌ಗಳು ಡೆನ್ಸಿಟಿ ಆಲ್ಟಿಟ್ಯೂಡ್ ಅನ್ನುತ್ತಾರೆ.

ನೀವು ಮೇಷ್ಟ್ರು, ಲೆಕ್ಕ ಮಾಡಿ ನೋಡೇಬಿಡೋಣ. ಸಮುದ್ರ ಮಟ್ಟದಲ್ಲಿ ಮಾದರಿ ಉಷ್ಣತೆ 15 ಡಿಗ್ರಿ. ಪ್ರತಿ ಸಾವಿರ ಅಡಿಗೆ ಎರಡು ಡಿಗ್ರಿ ಇಳಿಸಬೇಕು. ಸಾಂಬ್ರಾ ಇರೋದು 2487 ಅಡಿ ಎತ್ತರದಲ್ಲಿ. ಅಲ್ಲಿ ಇರಬೇಕಾದ್ದು 10 ಡಿಗ್ರಿ. ನಾನು ಹೊರಟಾಗ ಇದ್ದದ್ದು 36. ವ್ಯತ್ಯಾಸ 26. ಪ್ರತಿ ಡಿಗ್ರಿಗೆ ಸುಮಾರು 120 ಅಡಿ ಸೇರಿಸಿ. 3120 ಆಯಿತು. ಅದನ್ನು 2487ಕ್ಕೆ ಕೂಡಿಸಿದರೆ ಹತ್ತಿರಹತ್ತಿರ 5600. ಅಂದರೆ ಏಪ್ರಿಲ್ ಮಧ್ಯಾಹ್ನ ಸಾಂಬ್ರಾದಲ್ಲಿ ನಿಂತ ವಿಮಾನಕ್ಕೆ ತಾನು ನಂದಿ ಬೆಟ್ಟಕ್ಕಿಂತ ಮೇಲಿದ್ದೇನೆ ಅನ್ನಿಸುತ್ತಿರುತ್ತದೆ. ನಮ್ಮ ಸಪಾಟು ಬೆಳಗಾವಿಯೇ ವರ್ಷದಲ್ಲಿ ಎರಡು ತಿಂಗಳು ಬೆಟ್ಟದ ಏರ್‌ಪೋರ್ಟ್.

ಈಗ ನಿಮ್ಮ ಬಿಗ್ ಬೇರ್‌ಗೆ ಬನ್ನಿ. ಅದು ಸ್ಯಾನ್ ಬರ್ನಾರ್ಡಿನೊ ಬೆಟ್ಟಗಳ ನಡುವೆ ಇರುವ ಊರು. ಪಕ್ಕದಲ್ಲೇ ಕೆರೆ, ಸುತ್ತ ಪೈನ್ ಮರಗಳ ಕಾಡು. ಏರ್‌ಪೋರ್ಟಿನ ಎತ್ತರ 6752 ಅಡಿ. ನಮ್ಮ ರಾಜ್ಯದ ಅತಿ ಎತ್ತರದ ಮುಳ್ಳಯ್ಯನಗಿರಿಯ ತುದಿಯೇ 6330 ಅಡಿ. ಅದಕ್ಕಿಂತಲೂ ಮೇಲೆ ಒಂದು ರನ್‌ವೇ ಹಾಸಿದ್ದಾರೆ ಅಂತ ಊಹಿಸಿಕೊಳ್ಳಿ. ಅಲ್ಲಿಂದ ದಕ್ಷಿಣಕ್ಕೆ ಕತ್ತೆತ್ತಿದರೆ ಸ್ಯಾನ್ ಗೊರ್ಗೊನಿಯೊ ಶಿಖರ, 11,503 ಅಡಿ. ನಿಮ್ಮ ಮಗ ಹೊರಡುವ ರಿವರ್‌ಸೈಡ್ ಏರ್‌ಪೋರ್ಟ್ ಬರೀ 819 ಅಡಿಯಲ್ಲಿದೆ. ದೂರ ಜಾಸ್ತಿ ಇಲ್ಲ. ಆದರೆ ಅರ್ಧ ಗಂಟೆಯಲ್ಲಿ ಬಯಲಿಂದ ಬೆಟ್ಟದ ನೆತ್ತಿಗೆ ಹೋಗಿ ಕೂರಬೇಕು.

ಜುಲೈ ಬೆಳಿಗ್ಗೆ ಎಂಟಕ್ಕೆ ಅಲ್ಲಿ 12 ಡಿಗ್ರಿ ಇದೆ ಅನ್ನಿ. ಮೇಲಿನ ಸೂತ್ರ ಹಾಕಿದರೆ ಸುಮಾರು 8000 ಅಡಿ ಬರುತ್ತದೆ. ಊಟ ಮುಗಿಸಿ ಎರಡು ಗಂಟೆಗೆ ಹೊರಟರೆ 27 ಡಿಗ್ರಿ. ಆಗ 9800. ಊಟಕ್ಕೆ ಕೂತು ಏಳುವಷ್ಟರಲ್ಲಿ ರನ್‌ವೇ ತಾನಾಗಿ 1800 ಅಡಿ ಮೇಲೆ ಹೋಗಿಬಿಟ್ಟಿದೆ! ಟರ್ಬೊ ಇಲ್ಲದ ಎಂಜಿನ್ ಪ್ರತಿ ಸಾವಿರ ಅಡಿಗೆ ಶೇಕಡಾ 3ರಷ್ಟು ಕಸುವು ಕಳೆದುಕೊಳ್ಳುತ್ತದೆ. ಸೆಸ್ನಾ 172ರ ಎಸ್ ಮಾದರಿಯದು 180 ಕುದುರೆ ಶಕ್ತಿ. ಅಲ್ಲಿ ಉಳಿಯೋದು 130ರ ಆಸುಪಾಸು. ಸಮುದ್ರ ಮಟ್ಟದಲ್ಲಿ ಪೂರ್ತಿ ಭಾರ ಹೊತ್ತು 300 ಮೀಟರ್ ಓಡಿ ಏಳುವ ವಿಮಾನಕ್ಕೆ ಅಲ್ಲಿ ಹೆಚ್ಚುಕಡಿಮೆ ದುಪ್ಪಟ್ಟು ನೆಲ ಬೇಕು. ಎದ್ದ ಮೇಲೂ, ಕೆಳಗೆ ನಿಮಿಷಕ್ಕೆ 730 ಅಡಿ ಏರುವುದು ಇಲ್ಲಿ ಅದರ ಅರ್ಧವೂ ಏರುವುದಿಲ್ಲ. ಬಿಗ್ ಬೇರ್ ರನ್‌ವೇ 1780 ಮೀಟರ್ ಇದೆ, ಹಾಗಾಗಿ ನೆಲದ ಚಿಂತೆ ಅಷ್ಟಿಲ್ಲ. ಚಿಂತೆ ಇರೋದು ಎದ್ದ ಮೇಲೆ, ಮುಂದೆ ನಿಂತ ಬೆಟ್ಟದ್ದು.

ಬೆಟ್ಟದ ಏರ್‌ಪೋರ್ಟ್ ಅಂದ ಕೂಡಲೇ ಜನ ಇಳಿಯೋದಕ್ಕೆ ಹೆದರುತ್ತಾರೆ. ನೇಪಾಳದ ಲುಕ್ಲಾ ವಿಡಿಯೊ ನೋಡಿರುತ್ತಾರೆ ನೋಡಿ, 527 ಮೀಟರ್ ಉದ್ದದ ಇಳಿಜಾರು ರನ್‌ವೇ, ಒಂದು ತುದಿಗೆ ಗುಡ್ಡದ ಗೋಡೆ, ಇನ್ನೊಂದಕ್ಕೆ ಪ್ರಪಾತ. ಬಿಗ್ ಬೇರ್ ಆ ಜಾತಿಯದಲ್ಲ. ಇಳಿಯುವಾಗ ಹೊಸ ಪೈಲಟ್ ಎಡವುವುದು ಒಂದೇ ಕಡೆ. ತೆಳು ಗಾಳಿಯಲ್ಲಿ ವೇಗದ ಮೀಟರ್ ಎಂದಿನ ಹಾಗೆ ಅದೇ 65 ನಾಟ್ ತೋರಿಸಿದರೂ ನೆಲದ ಮೇಲೆ ವಿಮಾನ ಶೇಕಡಾ 10ಕ್ಕೂ ಜಾಸ್ತಿ ಜೋರಾಗಿ ಓಡುತ್ತಿರುತ್ತದೆ. ಕಿಟಕಿಯಿಂದ ನೋಡಿದರೆ "ಅಯ್ಯೊ, ಜೋರಾಯ್ತು" ಅನ್ನಿಸುತ್ತದೆ. ಹಾಗಂತ ನಿಧಾನ ಮಾಡಿದರೆ ರೆಕ್ಕೆ ಕೈಕೊಡುತ್ತದೆ. ಕಣ್ಣನ್ನು ನಂಬಬಾರದು, ಮೀಟರನ್ನು ನಂಬಬೇಕು. ಒಂದು ಸಲ ಪಕ್ಕದಲ್ಲಿ ಗುರು ಕೂತು ತೋರಿಸಿದರೆ ಇದು ಕೈಗೆ ಹತ್ತುತ್ತದೆ.

ಹಾಗಾಗಿ ಮಗನಿಗೆ ಕೇಳಬೇಕಾದ ಮೊದಲ ಪ್ರಶ್ನೆ: "ಬಿಗ್ ಬೇರ್‌ಗೆ ಇನ್‌ಸ್ಟ್ರಕ್ಟರ್ ಜೊತೆ ಹೋಗಿ ಬಂದಿದ್ದೀಯಾ?" 110 ಗಂಟೆ ಅನ್ನೋದು ಜಾಸ್ತಿಯೂ ಅಲ್ಲ, ಕಡಿಮೆಯೂ ಅಲ್ಲ. ಅಮೆರಿಕದಲ್ಲಿ ಖಾಸಗಿ ಲೈಸೆನ್ಸಿಗೆ ಕನಿಷ್ಠ 40 ಗಂಟೆ ಸಾಕು. ಆ 110ರಲ್ಲಿ ಬೆಟ್ಟದ ಗಾಳಿ ಎಷ್ಟು ಗಂಟೆ ಕುಡಿದಿದ್ದಾನೆ ಅನ್ನೋದು ಮುಖ್ಯ. ವಿಮಾನ ಬಾಡಿಗೆಗೆ ಕೊಡುವ ಬಹಳಷ್ಟು ಕ್ಲಬ್‌ಗಳು ಇನ್‌ಸ್ಟ್ರಕ್ಟರ್ ಜೊತೆ ಬೆಟ್ಟದ ಹಾರಾಟ ಮಾಡದವರಿಗೆ ಅಂಥ ಕಡೆ ವಿಮಾನ ಕೊಡೋದೇ ಇಲ್ಲ. ನಿಮ್ಮ ಮಗ ಹೋಗಿಲ್ಲ ಅಂದರೆ ಬೇಸರ ಮಾಡಿಕೊಳ್ಳಬೇಡಿ. ನೀವು ಹೋಗುವ ಮೊದಲೇ ಒಂದು ಶನಿವಾರ ಹೋಗಿ ಬರಲಿ. ಆ ಹಾರಾಟದ ಖರ್ಚು ನೀವೇ ಕೊಡಿ, ಬೇಕಾದರೆ. ಬೀಗರ ಬಾಯಿ ಮುಚ್ಚಿಸೋಕೆ ಅದಕ್ಕಿಂತ ಒಳ್ಳೆ ಖರ್ಚಿಲ್ಲ.

ಖರ್ಚಿನ ಮಾತು ಬಂತು, ಇದನ್ನೂ ಹೇಳಿಬಿಡುತ್ತೇನೆ. ಅಲ್ಲಿನ ಖಾಸಗಿ ಪೈಲಟ್ ಬಾಡಿಗೆ ಟ್ಯಾಕ್ಸಿಯ ಹಾಗೆ ದುಡ್ಡು ತಗೊಂಡು ಜನರನ್ನು ಒಯ್ಯುವ ಹಾಗಿಲ್ಲ. ಖರ್ಚು ಹಂಚಿಕೊಳ್ಳಬಹುದು, ಆದರೆ ತನ್ನ ಪಾಲು ಕೊಡಲೇಬೇಕು. ಮೂವರು ಹೋದರೆ ಆ ದಿನದ ಹಾರಾಟದ ಮೂರನೇ ಒಂದು ಪಾಲು ಮಗನ ಜೇಬಿನಿಂದಲೇ ಹೋಗಬೇಕು. ಅಪ್ಪ ಅಂತ ನೀವು ಪೂರ್ತಿ ಕೊಡೋಕೆ ಹೋದರೆ ಕಾನೂನು ಬೇಡ ಅನ್ನುತ್ತದೆ. ಅಲ್ಲಿಯ ಪೈಲಟ್‌ಗಳು ಇಂಥ ಊಟದ ಹಾರಾಟವನ್ನು ತಮಾಷೆಗೆ "ನೂರು ಡಾಲರ್ ಹ್ಯಾಂಬರ್ಗರ್" ಅಂತ ಕರೆಯುತ್ತಾರೆ. ಬರ್ಗರ್ ಬೆಲೆ ಹತ್ತು, ಹೋಗಿ ಬರೋ ಬೆಲೆ ಉಳಿದಿದ್ದು. ಮಾತು ಹಳೆಯದು. ಈಗ ನೂರರಲ್ಲಿ ಹೋಗಿ ಬರೋದು ಆಗದ ಕೆಲಸ.

ಎರಡನೇ ಪ್ರಶ್ನೆ ತೂಕದ್ದು. ನಿಮ್ಮ ಮೂವರ ತೂಕ ಬರೆದು ಒಳ್ಳೇದು ಮಾಡಿದಿರಿ. 84, 70, 76, ಒಟ್ಟು 230. ಆ ವಿಮಾನ ಎಲ್ಲ ಸೇರಿ 1157 ಕೆಜಿಗಿಂತ ಜಾಸ್ತಿ ಹೊರುವ ಹಾಗಿಲ್ಲ. ಖಾಲಿ ವಿಮಾನದ್ದೇ 770 ಅಂತ ಹಿಡಿಯಿರಿ, ಪ್ರತಿ ವಿಮಾನದ್ದೂ ಸ್ವಲ್ಪ ಬೇರೆ. ಉಳಿದದ್ದು 387. ಟ್ಯಾಂಕ್ ತುಂಬಿಸಿದರೆ ಬಳಸುವಂಥ ಪೆಟ್ರೋಲ್ 200 ಲೀಟರ್, ತೂಕ 144 ಕೆಜಿ. ಇನ್ನು 243. ನಿಮ್ಮ 230 ಕಳೆದರೆ 13 ಕೆಜಿ ಮಿಕ್ಕಿತು. ನಾಲ್ಕು ಸೀಟಿನ ವಿಮಾನ, ಮೂವರು ಕೂತರೇ ತುಂಬಿಹೋಯಿತು. ಕಾಗದದ ಮೇಲೆ ಇದು ಸರಿ. ಆದರೆ ಬೆಟ್ಟಕ್ಕೆ ಕಂಠಮಟ್ಟ ತುಂಬಿಕೊಂಡು ಹೋಗಬಾರದು. ಗಂಟೆಗೆ ಸುಮಾರು 34 ಲೀಟರ್ ಕುಡಿಯುತ್ತದೆ. ಹೋಗಿ ಬರೋಕೆ ಒಂದೂಕಾಲು ಗಂಟೆ ಹಿಡಿದರೂ 45 ಲೀಟರ್. ಹಗಲಿನ ಹಾರಾಟಕ್ಕೆ ಅಲ್ಲಿನ ನಿಯಮ ಅರ್ಧ ಗಂಟೆಯ ಪೆಟ್ರೋಲ್ ಉಳಿದಿರಬೇಕು ಅನ್ನುತ್ತದೆ, ನಾನು ಒಂದು ಗಂಟೆಯದು ಇರಲಿ ಅನ್ನುತ್ತೇನೆ. ಅರ್ಧ ಟ್ಯಾಂಕ್ ಹಾಕಿಸಿದರೆ ಇಷ್ಟೂ ಆಗಿ ಇನ್ನೂ ಮಿಗುತ್ತದೆ. 72 ಕೆಜಿ ಕಡಿಮೆ ಆಯಿತು. ಒಬ್ಬ ಆಳನ್ನು ಇಳಿಸಿದ ಹಾಗೆ. "ಎಷ್ಟು ಪೆಟ್ರೋಲ್ ಹಾಕಿಸ್ತೀಯಪ್ಪ?" ಅಂತ ಕೇಳಿ. ಸಂಖ್ಯೆ ಬಾಯಲ್ಲೇ ಇದ್ದರೆ ಅವನು ಲೆಕ್ಕ ಮಾಡಿದ್ದಾನೆ. "ಫುಲ್ ಇರುತ್ತೆ ಬಿಡಿ ಅಪ್ಪಾ" ಅಂದರೆ ಇನ್ನೂ ಮಾಡಿಲ್ಲ.

ಮೂರನೆಯದು, ಇತ್ತೀಚೆಗೆ ಹಾರಿದ್ದಾನೋ ಇಲ್ಲವೋ. ಕಳೆದ 90 ದಿನದಲ್ಲಿ ಮೂರು ಟೇಕಾಫ್, ಮೂರು ಲ್ಯಾಂಡಿಂಗ್ ಮಾಡಿರದಿದ್ದರೆ ಅವನು ಯಾರನ್ನೂ ಕೂರಿಸಿಕೊಳ್ಳುವ ಹಾಗಿಲ್ಲ. ಇದು ಕನಿಷ್ಠ. ಇಷ್ಟು ಕೇಳಿದರೆ ಸಾಕು. ಎಂಜಿನ್, ರೇಡಿಯೊ, ಸರ್ವಿಸಿಂಗ್ ಅಂತ ಅವನ ಪರೀಕ್ಷೆ ಮಾಡಲು ಕೂರಬೇಡಿ.

ಇನ್ನು ಗಾಳಿ. ಗಾಳಿ ನೀರಿದ್ದ ಹಾಗೆ. ಮಳೆಗಾಲದಲ್ಲಿ ಗೋಕಾಕ ಫಾಲ್ಸ್ ನೋಡಿದ್ದೀರಿ. ಬಂಡೆಯ ಮೇಲಿನವರೆಗೆ ನೀರು ಸುಮ್ನೆ ಜಾರುತ್ತಾ ಬರುತ್ತದೆ. ಬಂಡೆ ದಾಟಿದ ಮೇಲೆ ಕೆಳಗೆ ಧುಮುಕಿ ಸುಳಿ ಸುತ್ತುತ್ತದೆ. ಗಾಳಿ ಬೆಟ್ಟದ ಸಾಲು ದಾಟುವಾಗಲೂ ಇದೇ ಆಟ. ಕಣ್ಣಿಗೆ ಕಾಣೋದಿಲ್ಲ, ಅಷ್ಟೇ. ಗಾಳಿ ಬರುವ ಕಡೆಯ ಇಳಿಜಾರಿನಲ್ಲಿ ವಿಮಾನವನ್ನು ಎತ್ತಿ ಕೊಡುತ್ತದೆ, ಆಚೆ ಕಡೆ ಕೆಳಗೆ ಒತ್ತುತ್ತದೆ. ಆಗಲೇ ಕಡಿಮೆ ಕಸುವಿನಲ್ಲಿ ಏರುತ್ತಿರುವ ವಿಮಾನಕ್ಕೆ ಈ ಒತ್ತು ಬಿದ್ದರೆ ಪೂರ್ತಿ ಎಂಜಿನ್ ಕೊಟ್ಟರೂ ಇಳಿಯುತ್ತಲೇ ಇರುತ್ತದೆ. ಅದಕ್ಕೇ ತಿಳಿದ ಪೈಲಟ್ ಬೆಟ್ಟದ ಸಾಲನ್ನು ಎದುರಾಎದುರು ದಾಟುವುದಿಲ್ಲ. 45 ಡಿಗ್ರಿ ಓರೆಯಾಗಿ ಹತ್ತಿರ ಹೋಗುತ್ತಾನೆ. ಗಾಳಿ ಒತ್ತಿದರೆ ಸ್ವಲ್ಪ ತಿರುಗಿಸಿದರೆ ಸಾಕು, ಬಯಲಿಗೆ ವಾಪಸ್. ಕಣಿವೆಯಲ್ಲಿ ಹೋಗುವಾಗ ನಟ್ಟನಡುವೆ ಹೋಗದೆ ಒಂದು ಪಕ್ಕ ಹಿಡಿದು ಹೋಗುವುದೂ ಇದಕ್ಕೇ, ತಿರುಗೋಕೆ ಪೂರ್ತಿ ಅಗಲ ಸಿಗಲಿ ಅಂತ. ಮಗ ಬೆಟ್ಟಕ್ಕೆ ಒತ್ತಿಕೊಂಡು ಹೋಗುತ್ತಿದ್ದಾನೆ ಅಂತ ಅವನ ತಾಯಿಯವರು ಹೆದರಬಾರದು. ಅವನು ಜಾಗ ಮಾಡಿಕೊಳ್ಳುತ್ತಿದ್ದಾನೆ.

ಬೆಳಿಗ್ಗೆ ಈ ಗಾಳಿ ಮಲಗಿರುತ್ತದೆ. ಹೊತ್ತೇರಿದ ಹಾಗೆ ಬಂಡೆಗಳು ಕಾದು, ಗಾಳಿ ಎದ್ದು, ಕುಲುಕಾಟ ಶುರುವಾಗುತ್ತದೆ. ಜುಲೈ-ಆಗಸ್ಟ್‌ನಲ್ಲಿ ಆ ಬೆಟ್ಟಗಳ ಮೇಲೆ ಮಧ್ಯಾಹ್ನ ಗುಡುಗಿನ ಮೋಡ ಕಟ್ಟುವುದೂ ಉಂಟು. ನಮ್ಮ ಮೇ ತಿಂಗಳು ನೆನಪು ಮಾಡಿಕೊಳ್ಳಿ. ಬೆಳಿಗ್ಗೆ ಆಕಾಶ ತೊಳೆದಿಟ್ಟ ಹಾಗೆ ಇರುತ್ತದೆ, ಮೂರು ಗಂಟೆಗೆ ಖಾನಾಪುರದ ಕಡೆಯಿಂದ ಕಪ್ಪಗೆ ಏರಿ ಬಂದು ಆಣೆಕಲ್ಲು ಸುರಿಯುತ್ತದೆ. ಅಲ್ಲಿಯದೂ ಅದೇ ಸ್ವಭಾವ.

ಈಗ ಎಲ್ಲ ಕೂಡಿಸಿ ನೋಡಿ. ಹೋಗುವಾಗ ತಂಪು, ಗಾಳಿ ಇಲ್ಲ, ಬಯಲಿಂದ ಏಳೋದು. ಬರುವಾಗ ಬಿಸಿಲು, ಗಾಳಿ, ಬೆಟ್ಟದಿಂದ ಏಳೋದು. ಹೊಟ್ಟೆ ತುಂಬಿ ಕಣ್ಣಿಗೆ ಜೊಂಪು ಬೇರೆ. ಮಧ್ಯಾಹ್ನದ ಊಟ ಇಷ್ಟನ್ನೂ ಒಂದೇ ಹೊತ್ತಿಗೆ ತಂದು ನಿಲ್ಲಿಸುತ್ತದೆ. ನಾಷ್ಟಾ ಆದರೆ ಆರೂವರೆಗೆ ಹೊರಟು, ಏಳೂಕಾಲಿಗೆ ತಲುಪಿ, ತಿಂದು, ಕೆರೆ ನೋಡಿ, ಹತ್ತರೊಳಗೆ ಮತ್ತೆ ಗಾಳಿಯಲ್ಲಿರುತ್ತೀರಿ. ಹನ್ನೊಂದಕ್ಕೆ ಮನೆ. ಮಧ್ಯಾಹ್ನದ ಊಟ ಸೊಸೆಯ ಕೈಯಲ್ಲೋ ಮಗನ ಕೈಯಲ್ಲೋ, ನಿಶ್ಚಿಂತೆಯಾಗಿ.

ಬಿಗ್ ಬೇರ್‌ನಲ್ಲಿ ಕಂಟ್ರೋಲ್ ಟವರ್ ಇಲ್ಲ. ಪೈಲಟ್‌ಗಳು ತಾವು ಎಲ್ಲಿದ್ದೇವೆ ಅಂತ ಒಂದೇ ಚಾನೆಲ್‌ನಲ್ಲಿ ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಾರೆ. ಹಾಗಾಗಿ ಹೊರಡುವಾಗ, ಇಳಿಯುವಾಗ ಒಳಗೆ ಮಾತು ಬೇಡ. ನಿಮ್ಮ ತಲೆಗೂ ಹೆಡ್‌ಸೆಟ್ ಹಾಕುತ್ತಾರೆ. ಅದರಲ್ಲಿ ನೀವು "ಅಗೋ ನೋಡಲ್ಲಿ, ಕೆರೆ!" ಅಂದರೆ ಅದೇ ಹೊತ್ತಿಗೆ ಬೇರೆ ವಿಮಾನದವನು ಹೇಳಿದ್ದು ಮಗನಿಗೆ ಕೇಳಿಸದೆ ಹೋಗಬಹುದು. ಬೇರೆ ವಿಮಾನ ಕಣ್ಣಿಗೆ ಬಿದ್ದರೆ ಮಾತ್ರ ಹೇಳಿ. ಅದು ನಿಜವಾದ ಸಹಾಯ.

ಬಿಗ್ ಬೇರ್‌ನಿಂದ ಹೊರಡುವ ಮೊದಲು ಅವನು ಆ ಕೆಂಪು ನಾಬನ್ನು ಸ್ವಲ್ಪ ಹೊರಗೆಳೆಯುತ್ತಾನೆ. ಎಂಜಿನ್ ಸ್ವಲ್ಪ ತಡವರಿಸಿದ ಹಾಗೆ ಆಗಿ ಮತ್ತೆ ಸರಿಯಾಗುತ್ತದೆ. ಹೆದರಬೇಡಿ. ತೆಳು ಗಾಳಿಗೆ ತಕ್ಕಷ್ಟೇ ಪೆಟ್ರೋಲ್ ಬಿಡುತ್ತಿದ್ದಾನೆ. ಒಲೆಗೆ ಗಾಳಿ ಸಾಲದಿದ್ದಾಗ ಸೌದೆ ತುರುಕಿದರೆ ಹೊಗೆ ಬರುತ್ತದಲ್ಲ, ಹಾಗೆ. ಕಡಿಮೆ ಸೌದೆ ಇಟ್ಟರೆ ಉರಿ ಏಳುತ್ತದೆ. ನಾನು ಅವತ್ತು ಸಾಂಬ್ರಾದಲ್ಲಿ ಮರೆತದ್ದು ಇದನ್ನೇ. ಅವನು ಎಳೆಯದೆ ಹೊರಟರೆ ಬೇಕಾದರೆ ಕೆಮ್ಮಿ.

ಇನ್ನೊಂದು ಹಳೆಯ ಲೆಕ್ಕ ಇದೆ. ರನ್‌ವೇಯ ಅರ್ಧ ಮುಗಿಯುವಷ್ಟರಲ್ಲಿ, ಏಳೋಕೆ ಬೇಕಾದ ವೇಗದ ಶೇಕಡಾ 70 ಬಂದಿರಬೇಕು. ಬಂದಿಲ್ಲ ಅಂದರೆ ಎಂಜಿನ್ ಇಳಿಸಿ, ಬ್ರೇಕ್ ಹಾಕಿ ನಿಲ್ಲಿಸಬೇಕು. ಯೋಚನೆಗೆ ಜಾಗ ಇಲ್ಲ. ಮಗ ಹಾಗೆ ನಿಲ್ಲಿಸಿದರೆ ಅವತ್ತು ಅವನಿಗೆ ನೂರಕ್ಕೆ ನೂರು ಅಂಕ ಕೊಡಿ. ಗಾಲಿ ನೆಲ ಬಿಟ್ಟಿತು ಅಂದ ಮಾತ್ರಕ್ಕೆ ವಿಮಾನ ಹಾರಿತು ಅಂತಲ್ಲ. ನೆಲಕ್ಕೆ ಹತ್ತಿರ, ರೆಕ್ಕೆಯ ಅಗಲದಷ್ಟು ಎತ್ತರದೊಳಗೆ, ಗಾಳಿ ಒಂದು ಮೆತ್ತೆಯ ಹಾಗೆ ಹೊತ್ತುಕೊಂಡಿರುತ್ತದೆ. ಆ ಮೆತ್ತೆ ಬಿಟ್ಟು ಮೇಲೇರುವ ಕಸುವು ಇರದಿದ್ದರೂ ಅದರ ಮೇಲೆ ತೇಲಬಹುದು. ನನ್ನ ಎದುರಿಗೆ ಗೋಡೆ ದೊಡ್ಡದಾಗುತ್ತಾ ಬಂದದ್ದು ಆ ಮೆತ್ತೆಯ ಮೇಲೆ ಕೂತಿದ್ದಾಗ.

ಈಗ ನೀವೇ ಮಾಡಬೇಕಾದ ಒಂದು ಕೆಲಸ. ನನಗೆ ಇದು ಬೇರೆಲ್ಲಕ್ಕಿಂತ ದೊಡ್ಡದು ಅನ್ನಿಸುತ್ತದೆ. ಅವತ್ತು ಎರಡೂವರೆಗೆ ನಾನು ಯಾಕೆ ಹೊರಟೆ ಗೊತ್ತಾ? ಸಂಜೆ ಐದರವರೆಗೆ ಕಾಯಬಹುದಿತ್ತು. ವಿಮಾನ ಹೊತ್ತಿಗೆ ವಾಪಸ್ ಕೊಡಬೇಕು, ತಡವಾದರೆ ಮಾತು ಕೇಳಬೇಕು, ಶಿಷ್ಯನ ಮುಂದೆ ಹಿಂಜರಿಯಬಾರದು, ಇಷ್ಟೇ ಕಾರಣ. ಒಂದೂ ಗಾಳಿಗೆ ಸಂಬಂಧಪಟ್ಟದ್ದಲ್ಲ. ನಿಮ್ಮ ಮಗನ ಮೇಲೆ ಇದಕ್ಕಿಂತ ಜಾಸ್ತಿ ಭಾರ ಇರುತ್ತದೆ. ಅಪ್ಪ ಅವ್ವ ಸಮುದ್ರ ದಾಟಿ ಬಂದಿದ್ದಾರೆ, ಅವರೆದುರು ತಾನು ಕಲಿತದ್ದು ತೋರಿಸಬೇಕು. ಅಂಥ ದಿನ "ಇವತ್ತು ಬೇಡ" ಅನ್ನೋದು ಅವನಿಗೆ ಬಹಳ ಕಷ್ಟ. ಆ ಮಾತನ್ನು ನೀವೇ ಮೊದಲು ಆಡಿಬಿಡಿ. ಹಿಂದಿನ ರಾತ್ರಿ ಊಟಕ್ಕೆ ಕೂತಾಗ ಹೇಳಿ: "ನಾಳೆ ನಿನಗೆ ಸರಿ ಕಾಣದಿದ್ದರೆ ಹೋಗೋದು ಬೇಡಪ್ಪ, ಕಾರಲ್ಲಿ ಹೋಗೋಣ. ಅಲ್ಲಿ ಹೋದ ಮೇಲೆ ಸರಿ ಕಾಣದಿದ್ದರೆ ಅಲ್ಲೇ ಉಳಿಯೋಣ." ಬರೀ ಮಾತಲ್ಲ, ಬ್ಯಾಗಿನಲ್ಲಿ ಒಂದು ರಾತ್ರಿಗೆ ಬೇಕಾದ ಬಿಪಿ ಮಾತ್ರೆ, ಒಂದು ಜೊತೆ ಬಟ್ಟೆ ಇಡಿ. ಅವನ ಕಣ್ಣಿಗೆ ಬೀಳುವ ಹಾಗೇ ಇಡಿ. ಸಂಜೆಗೆ ಯಾರ ಮನೆಗೂ ಬರುತ್ತೇವೆ ಅಂತ ಮಾತು ಕೊಡಬೇಡಿ.

ನಮ್ಮ ಕಡೆ ಯಾಕೆ ಇಲ್ಲ ಅಂತ ಕೇಳಿದ್ದೀರಿ. ಲೈಸೆನ್ಸ್ ಕಷ್ಟ ಅಂತಲ್ಲ. ಇಲ್ಲೂ ಖಾಸಗಿ ಲೈಸೆನ್ಸಿಗೆ 40 ಗಂಟೆಯೇ. ಸಾಂಬ್ರಾದಲ್ಲೇ ತರಬೇತಿ ವಿಮಾನಗಳು ಸುತ್ತು ಹೊಡೆಯುತ್ತಿರುತ್ತವೆ, ನೀವು ಬಾಗಲಕೋಟೆ ರಸ್ತೆಯಲ್ಲಿ ಬರುವಾಗ ನೋಡಿರಬಹುದು. ಆದರೆ ಹಾರಿ ಹೋಗಿ ಇಳಿಯೋಕೆ ಜಾಗ ಬೇಕಲ್ಲ? ಅಮೆರಿಕದಲ್ಲಿ ಯಾರು ಬೇಕಾದರೂ ಇಳಿಯಬಹುದಾದ ಏರ್‌ಪೋರ್ಟ್‌ಗಳು 5000ದಷ್ಟಿವೆ. ಬಹಳ ಕಡೆ ಟವರ್ ಇಲ್ಲ, ಕೇಳುವವರಿಲ್ಲ, ಇಳಿದು ನಡೆದುಕೊಂಡು ಹೋಟೆಲ್‌ಗೆ ಹೋಗಬಹುದು. ಇಲ್ಲಿ ಬೆಳಗಾವಿಯಿಂದ ಹುಬ್ಬಳ್ಳಿಗೋ ಕೊಲ್ಹಾಪುರಕ್ಕೋ ಹೋಗಬೇಕೆಂದರೂ ಫ್ಲೈಟ್ ಪ್ಲಾನ್ ಕೊಡಬೇಕು, ವಾಯು ರಕ್ಷಣೆಯವರಿಂದ ನಂಬರ್ ತಗೋಬೇಕು, ಲ್ಯಾಂಡಿಂಗ್ ಶುಲ್ಕ ಕಟ್ಟಬೇಕು. ಕಣ್ಣಳತೆಯಲ್ಲಿ ಹಾರುವವರು ಸೂರ್ಯ ಮುಳುಗಿದ 20 ನಿಮಿಷದೊಳಗೆ ಇಳಿದಿರಬೇಕು. ಈ ವಿಮಾನಗಳ ಪೆಟ್ರೋಲ್ ಬೇರೆ ಜಾತಿಯದು. ಅದನ್ನು ಹೊರದೇಶದಿಂದಲೇ ತರಿಸಬೇಕಿತ್ತು, 2022ರಲ್ಲಷ್ಟೇ ಇಂಡಿಯನ್ ಆಯಿಲ್ ಗುಜರಾತಿನಲ್ಲಿ ತಯಾರಿಸಲು ಶುರು ಮಾಡಿತು. ಇಷ್ಟೆಲ್ಲ ಮಾಡಿ ಹುಬ್ಬಳ್ಳಿಗೆ ಹೋಗಿ ಗಿರ್ಮಿಟ್ ತಿನ್ನೋ ಬದಲು ಬಸ್ಸಿನಲ್ಲಿ ಹೋದರೆ ಬೇಗ ಮುಟ್ಟುತ್ತೀರಿ. ಇನ್ನು ಬೆಟ್ಟದ ಮೇಲೆ? ನಮ್ಮ ರಾಜ್ಯದಲ್ಲಿ ಅಂಥ ಎತ್ತರದಲ್ಲಿ ಒಂದೂ ಏರ್‌ಪೋರ್ಟ್ ಇಲ್ಲ. ಮಂಗಳೂರಿನದು ಗುಡ್ಡ ಕಡಿದು ಮಾಡಿದ್ದು ನಿಜ, ಆದರೆ ಎತ್ತರ ಏನೂ ಅಲ್ಲ. ಹಿಮಾಚಲದ ಶಿಮ್ಲಾ, ಕುಲು, ಲಡಾಖಿನ ಲೇಹ್ ಇವೆ. ಅಲ್ಲಿಗೆ ಊಟಕ್ಕೆ ಅಂತ ಯಾರೂ ಸಣ್ಣ ವಿಮಾನದಲ್ಲಿ ಹೋಗೋದಿಲ್ಲ ಬಿಡಿ.

ಆರೋಗ್ಯದ ಮಾತು. ನೀವು ಹೋಗುವ ಎತ್ತರಕ್ಕೆ ಆಕ್ಸಿಜನ್ ಸಿಲಿಂಡರ್ ಬೇಡ. ಪೈಲಟ್‌ಗೂ ಆ ನಿಯಮ ಶುರುವಾಗೋದು 12,500 ಅಡಿಯ ಮೇಲೆ. ಆದರೂ ಬಿಪಿ ಇದೆ ಅಂದಿರಿ, ಹೊರಡುವ ಮೊದಲು ನಿಮ್ಮ ಡಾಕ್ಟರಿಗೆ ಒಂದು ಮಾತು ಹೇಳಿ. ಮೂಗು ಕಟ್ಟಿದ್ದರೆ ಅವತ್ತು ಹೋಗಬೇಡಿ. ಇಳಿಯುವಾಗ ಕಿವಿ ನೋಯುತ್ತದೆ. ಬೆಲ್ಲದ ಚೂರು ಬಾಯಲ್ಲಿಟ್ಟು ನುಂಗುತ್ತಿದ್ದರೆ ಕಿವಿ ಬಿಟ್ಟುಕೊಳ್ಳುತ್ತದೆ. ಹೊಟ್ಟೆ ತೊಳಸಿದರೆ ದೂರದ ಬೆಟ್ಟದ ಅಂಚು ನೋಡಿ, ಮೊಬೈಲ್ ನೋಡಬೇಡಿ. ಒಳಗೆ ಟಾಯ್ಲೆಟ್ ಇರೋದಿಲ್ಲ. ಬೆಳಿಗ್ಗೆ ಚಹಾ ಒಂದೇ ಕಪ್.

ಇನ್ನು ಬುತ್ತಿ. ತಾಯಿಯವರಿಗೆ ಹೇಳಿ, ಧಾರಾಳವಾಗಿ ಒಯ್ಯಬಹುದು. ಖಡಕ್ ರೊಟ್ಟಿಯಷ್ಟು ಹಗುರದ ಊಟ ವಿಮಾನಕ್ಕೆ ಬೇರೆ ಸಿಗೋದಿಲ್ಲ. ಆದರೆ ಹಿಂದಿನ ರಾತ್ರಿ ಮಡಿಕೆಕಾಳಿನ ಉಸಳಿ ಬೇಡ. ಈ ವಿಮಾನದ ಒಳಗೂ ಹೊರಗೂ ಗಾಳಿಯ ಒತ್ತಡ ಒಂದೇ. 9500 ಅಡಿಗೆ ಹೋಗುವಷ್ಟರಲ್ಲಿ ಒಂದು ಲೀಟರ್ ಗಾಳಿ ಉಬ್ಬಿ ಸುಮಾರು 1.4 ಲೀಟರ್ ಆಗುತ್ತದೆ. ಚಿಪ್ಸ್ ಪ್ಯಾಕೆಟ್ ಒಯ್ದರೆ ಮಡಿಲಲ್ಲೇ ಬಲೂನಿನ ಹಾಗೆ ಉಬ್ಬೋದು ನೋಡಬಹುದು. ಹೊಟ್ಟೆಯೊಳಗಿನ ಗಾಳಿಗೂ ಅದೇ ನಿಯಮ. ಕರದಂಟು ಅರ್ಧ ಕೆಜಿ ಇರಲಿ, ಮೇಲೆ ವಿಮಾನ ತೊಳೆಯುವ ಹುಡುಗರಿಗೂ ಒಂದೊಂದು ಚೂರು ಕೊಡಿ. ಮೊಸರಿನ ಡಬ್ಬಿ ಒಯ್ಯೋದಾದರೆ ಕಂಠದವರೆಗೆ ತುಂಬಬೇಡಿ. ಮೇಲೆ ಹೋದ ಮೇಲೆ ಮುಚ್ಚಳ ತೆಗೆಯುವಾಗ ಸ್ವಲ್ಪ ಸಡಿಲಿಸಿ, ಉಸ್ ಅಂತ ಗಾಳಿ ಬಿಡಿಸಿ, ಆಮೇಲೆ ತೆಗೆಯಿರಿ. ಇಲ್ಲದಿದ್ದರೆ ಮೊಸರು ಸೀರೆ ಮೇಲೆ.